ಮನಗೂಳಿ ಅಗಸಿ ಓಣಿಯ ಚರಗದ ಬುತ್ತಿ

ಎಳ್ಳ ಅಮಾಸಿಗೆ ಹೊಲಕ್ಕೆ ಒಯ್ಯುವ ಬುತ್ತಿಯನ್ನು ರೊಕ್ಕ ಕೊಟ್ಟು ತರುವ ದಿನ ನಮ್ಮ ಮನೆಗೂ ಬರುತ್ತದೆ ಅಂತ ನಾನು ಎಣಿಸಿರಲಿಲ್ಲ. ನಲವತ್ತು ವರ್ಷ ಅವ್ವ ತಾನೇ ಮಾಡಿದಳು. ಅಮಾಸಿಯ ಹಿಂದಿನ ರಾತ್ರಿ ಮನೆಯಲ್ಲಿ ಯಾರಿಗೂ ಪೂರ್ತಿ ನಿದ್ದೆ ಇರುತ್ತಿರಲಿಲ್ಲ. ಒಲೆ ಮುಂದೆ ಅವ್ವ, ಚಿಗವ್ವ, ಬಾಜೂ ಮನೆಯ ಇಬ್ಬರು ಹೆಣ್ಣುಮಕ್ಕಳು. ಬೆಳಗಿನ ಜಾವದವರೆಗೂ ರೊಟ್ಟಿ ಬಡಿಯುವ ಸಪ್ಪಳ. 2023ರ ದೀಪಾವಳಿ ಮುಂದೆ ಅವ್ವನ ಬಲಗೈಗೆ ಲಕ್ವಾ ಹೊಡೆಯಿತು. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಅವಳ ಪಾಳಿ ಹಬ್ಬ ನೋಡುವುದಿಲ್ಲ. ಚಿಗವ್ವ ಪುಣೆಯಲ್ಲಿ ಮಗನ ಮನೆ ಸೇರಿದ್ದಾಳೆ. ಹೊಲ ಮಾತ್ರ ಸಾರವಾಡದ ಕಡೆ, ಡೋಣಿ ಹೊಳೆಯ ದಂಡೆಯ ಮೇಲೆ, ಇದ್ದಲ್ಲೇ ಇದೆ. ಚರಗ ಅಂದರೆ ನಿಂತ ಬೆಳೆಗೆ ಚೆಲ್ಲುವ ಊಟ, ಅದನ್ನು ಚೆಲ್ಲದೆ ಬಿಡುವ ಹಾಗಿಲ್ಲ.

ಹಾಗಾಗಿ ಎರಡು ವರ್ಷದಿಂದ, 2024ರ ಡಿಸೆಂಬರ್ 30ಕ್ಕೆ ಒಮ್ಮೆ, 2025ರ ಡಿಸೆಂಬರ್ 19ಕ್ಕೆ ಮತ್ತೊಮ್ಮೆ, ವಿಜಯಪುರದ ಮನಗೂಳಿ ಅಗಸಿ ಕಡೆಯ ಒಂದು ಓಣಿಯಿಂದ ಬುತ್ತಿ ತರಿಸಿದ್ದೇವೆ. ಬೋರ್ಡು ಇಲ್ಲ, ಅಂಗಡಿಗೊಂದು ಹೆಸರೂ ಇಲ್ಲ. ಓಣಿಯವರು ‘ರೊಟ್ಟಿ ಅಕ್ಕಾರ ಮನಿ’ ಅಂತಾರೆ. ಮುಂದಿನ ಪಡಸಾಲೆಯಲ್ಲಿ ಮೂರು ಒಲೆ, ಐದು ಜನ ಹೆಣ್ಣುಮಕ್ಕಳು. ದಿನಾ ಖಾನಾವಳಿಗಳಿಗೆ ಬಿಸಿ ರೊಟ್ಟಿ, ಕಡಕ್ ರೊಟ್ಟಿ ಕೊಡುವುದು ಅವರ ಮೂಲ ಕೆಲಸ. ಎಳ್ಳ ಅಮಾಸಿಗೆ ಚರಗದ ಬುತ್ತಿ, ಸಂಕ್ರಮಣದ ಭೋಗಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಇವೆರಡಕ್ಕೆ ಮಾತ್ರ ಮನೆಯವರಿಂದ ಆರ್ಡರ್ ಹಿಡಿಯುತ್ತಾರೆ. ನಮ್ಮಂಥ ಮನೆಗಳು ಈಗ ಊರಲ್ಲಿ ಬಹಳ ಇವೆ, ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಅದಕ್ಕಿಂತ ಮೊದಲಿನ ವರ್ಷದ ಸಂಕಟ ಹೇಳಬೇಕು. 2024ರಲ್ಲಿ ಎಳ್ಳ ಅಮಾಸಿ ಜನವರಿ 11ಕ್ಕೆ ಬಂದಿತ್ತು, ಸಂಕ್ರಮಣಕ್ಕೆ ನಾಲ್ಕೇ ದಿನ ಮುಂಚೆ. ಅವ್ವನ ಕೈಗೆ ಲಕ್ವಾ ಹೊಡೆದ ಮೇಲಿನ ಮೊದಲ ವರ್ಷ. ಗೊತ್ತಿದ್ದವರು ಹೇಳಿದರು ಅಂತ ದೊಡ್ಡ ಅಡುಗೆ ಕಾಂಟ್ರಾಕ್ಟು ಹಿಡಿಯುವ ಒಬ್ಬರಿಗೆ ಹೇಳಿದೆವು. ಬುತ್ತಿ ಬಂತು. ಪ್ಲಾಸ್ಟಿಕ್ ಡಬ್ಬಿಗಳು, ಮೇಲೆ ಹಾಳೆ ಅಂಟಿಸಿದ್ದು, ನೋಡಲಿಕ್ಕೆ ಚೊಕ್ಕ ಇತ್ತು. ಹೊಲಕ್ಕೆ ಹೊರಡುವ ಮೊದಲು ಅವ್ವ ಎಡಗೈಯಿಂದ ಒಂದು ಸಜ್ಜಿ ಕಡುಬು ಮುರಿದು ಮೂಗಿಗೆ ಹಿಡಿದಳು. ತಿನ್ನಲಿಲ್ಲ, ಚರಗಕ್ಕಿಂತ ಮೊದಲು ಅವಳು ಬಾಯಿಗೆ ಏನೂ ಇಡುವುದಿಲ್ಲ. ಬರೀ ಮೂಸಿ, ‘ಹಳೇ ಹಿಟ್ಟ ಐತಿ, ಕಹಿ ಆಗೇತಿ. ಇದನ್ನ ಭೂಮಿತಾಯಿಗೆ ಹೆಂಗ ಚೆಲ್ಲೂದೋ ಯಪ್ಪಾ?’ ಅಂದಳು. ಆಮೇಲೆ ನಾನು ಒಂದು ತುಣುಕು ತಿಂದು ನೋಡಿದೆ. ನಾಲಿಗೆಯ ಹಿಂದೆ ಕಹಿ ನಿಂತುಬಿಟ್ಟಿತು.

ಸಜ್ಜಿಯ ಗುಣವೇ ಅದು. ಜೋಳಕ್ಕಿಂತ ಸಜ್ಜಿಯಲ್ಲಿ ಎಣ್ಣೆಯ ಅಂಶ ಹೆಚ್ಚು. ಕಾಳು ಇಡಿಯಾಗಿ ಇದ್ದರೆ ತಿಂಗಳುಗಟ್ಟಲೆ ಇಡಬಹುದು, ಬೀಸಿದ ಮೇಲೆ ಮಾತ್ರ ಆ ಎಣ್ಣೆ ಕೆಡಲು ಶುರು, ಹದಿನೈದು ದಿನದಲ್ಲಿ ಹಿಟ್ಟು ಕಹಿಯಾಗುತ್ತದೆ. ಅದಕ್ಕೇ ನಮ್ಮ ಹಿರಿಯರು ಸಜ್ಜಿ ಹಿಟ್ಟನ್ನು ಆ ವಾರಕ್ಕೆ ಬೇಕಾದಷ್ಟೇ ಗಿರಣಿಗೆ ಹಾಕಿಸುತ್ತಿದ್ದರು. ದೊಡ್ಡ ಚೀಲದ ಹಿಟ್ಟು ತಂದಿಟ್ಟು ಹಬ್ಬಕ್ಕೆ ತೆಗೆಯುವವರಿಗೆ ಇದು ತಿಳಿಯಬೇಕಿತ್ತು. ಆ ವರ್ಷ ಮನೆಯಲ್ಲಿದ್ದ ನಾಲ್ಕು ಜೋಳದ ರೊಟ್ಟಿ, ಮೊಸರನ್ನ ಅಷ್ಟನ್ನೇ ಒಯ್ದು ಚೆಲ್ಲಿ ಬಂದೆವು. ವಾಪಸು ಬರುವಾಗ ಅವ್ವ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಮುಂದಿನ ವರ್ಷ ರೊಟ್ಟಿ ಅಕ್ಕಾರಿಗೆ ಫೋನ್ ಮಾಡಿದ್ದು ಹೆದರುತ್ತಲೇ. ಎಷ್ಟು ಮಂದಿ, ಎಷ್ಟು ಹೊತ್ತಿಗೆ ಅಂತ ಕೇಳಿದರು. ನಾನು ಇಪ್ಪತ್ತು ಮಂದಿ ಅಂದೆ. ಆಮೇಲೆ ಅವರು ಕೇಳಿದ ಮಾತು ಇದು: ‘ಚರಗಕ್ಕ ಬ್ಯಾರೆ ಕಟ್ಟಲೇನ್ರಿ ಅಣ್ಣಾರ? ನಮ್ಮ ಕೈಯಾಗ ರುಚಿ ನೋಡದ್ದು?’

ಬುತ್ತಿ ಮಾರುವವರಲ್ಲಿ ಈ ಪ್ರಶ್ನೆ ಕೇಳಿದವರನ್ನು ನಾನು ಬೇರೆ ಕಂಡಿಲ್ಲ. ಅದು ಯಾಕೆ ದೊಡ್ಡ ಮಾತು ಅನ್ನುವುದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಬೇರೆ ಜಿಲ್ಲೆಯಿಂದ ಬಂದು ಇಲ್ಲಿ ನೌಕರಿ ಮಾಡುವವರು ಓದುತ್ತಿದ್ದರೆ ಅವರಿಗಾಗಿ ಬಿಡಿಸಿ ಹೇಳುತ್ತೇನೆ.

ಸಂಕ್ರಾಂತಿ, ಪೊಂಗಲ್, ಬಿಹು ಅಂದರೆ ದೇಶದ ತುಂಬ ಸುಗ್ಗಿಯ ಹಬ್ಬ. ತಮಿಳುನಾಡಿನಲ್ಲಿ ಹೊಸ ಅಕ್ಕಿ ಉಕ್ಕಿಸುತ್ತಾರೆ, ಅಸ್ಸಾಮಿನ ಮಾಘ ಬಿಹು ಭತ್ತ ಮನೆಗೆ ಬಂದ ಮೇಲಿನದು. ಹಳೇ ಮೈಸೂರು ಕಡೆ ದನಗಳಿಗೆ ಕಿಚ್ಚು ಹಾಯಿಸುತ್ತಾರೆ, ಅಲ್ಲಿ ಕಣದ ಕೆಲಸ ಮುಗಿಯುವ ಕಾಲ. ನಮ್ಮ ಎರೆಹೊಲದ ಲೆಕ್ಕವೇ ಬೇರೆ. ನಮ್ಮ ಮುಖ್ಯ ಬೆಳೆ ಹಿಂಗಾರಿಯ ಬಿಳಿಜೋಳ. ಭಾದ್ರಪದ, ಆಶ್ವಯುಜದ ಮಳೆ ಹಿಡಿದ ಕರಿಮಣ್ಣಿನಲ್ಲಿ ಬಿತ್ತಿದರೆ ರಾಶಿ ಆಗುವುದು ಫೆಬ್ರುವರಿ ಸುಮಾರಿಗೆ. ‘ಡೋಣಿ ಬೆಳೆದರೆ ಓಣಿ ತುಂಬ ಜೋಳ’ ಅನ್ನುವ ಗಾದೆಯ ಜೋಳ ಇದೇ. ಎಳ್ಳ ಅಮಾಸಿ ಬರುವ ಹೊತ್ತಿಗೆ ಅದು ಇನ್ನೂ ಹೊಲದಲ್ಲಿ ನಿಂತಿರುತ್ತದೆ, ತೆನೆ ಹೊತ್ತುಕೊಂಡು. ಕೊಯ್ಲು ಆಗುವ ಮುಂಚೆಯೇ ನಾವು ಹೊಲಕ್ಕೆ ಊಟ ಒಯ್ಯುತ್ತೇವೆ. ಅವ್ವ ಇದಕ್ಕೆ ‘ಬಸುರಿ ಹೆಂಗಸಿಗೆ ಬಯಕಿ ಊಟ’ ಅಂತಾಳೆ. ಶೀಗಿ ಹುಣ್ಣಿಮೆಗೆ ಒಮ್ಮೆ, ಎಳ್ಳ ಅಮಾಸಿಗೆ ಒಮ್ಮೆ ಭೂಮಿತಾಯಿಗೆ ಉಡಿ ತುಂಬುವುದು ಅದಕ್ಕೇ.

ನಾನು ಇನ್ನೊಂದು ಮಾತು ಗಮನಿಸಿದ್ದೇನೆ. ಬುತ್ತಿಯಲ್ಲಿರುವ ಕಾಳುಗಳನ್ನು ನೋಡಿ. ಸಜ್ಜಿ, ಎಳ್ಳು, ಶೇಂಗಾ ಎಲ್ಲವೂ ಮುಂಗಾರಿಯವು, ಆಗಲೇ ಮನೆ ಸೇರಿದವು. ಹೊಲದಲ್ಲಿ ನಿಂತಿರುವ ಜೋಳ, ಕಡಲೆ, ಕುಸುಬಿ ಹಿಂಗಾರಿಯವು. ಮುಂಗಾರಿಯಲ್ಲಿ ಕೊಟ್ಟದ್ದನ್ನು ಬೇಯಿಸಿ, ಹಿಂಗಾರಿಯ ಬೆಳೆ ಹೊತ್ತ ಅದೇ ಮಣ್ಣಿಗೆ ಉಣ್ಣಿಸುತ್ತೇವೆ. ಹೀಗಿರುವಾಗ ಸಜ್ಜಿ ಆ ವರ್ಷದ್ದೇ ಆಗಿರಬೇಕು, ಹಳೆಯದು ನಡೆಯುವುದಿಲ್ಲ. ಅವ್ವ ಮೂಸಿ ನೋಡಿ ಮುಖ ಕಿವುಚಿದ್ದು ರುಚಿಗಾಗಿ ಮಾತ್ರ ಅಲ್ಲ.

ಹೊಲದಲ್ಲಿ ಬನ್ನಿ ಗಿಡದ ಬುಡಕ್ಕೆ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಕುಂಕುಮ ಇಟ್ಟು ಪಾಂಡವರು ಅಂತ ಪೂಜೆ ಮಾಡುತ್ತೇವೆ. ವನವಾಸದಲ್ಲಿ ಹೊಲ ಅಡವಿ ತಿರುಗಿದವರು ಅವರು ಅಂತ ಹಿರಿಯರ ಮಾತು. ಗುಳೇದಗುಡ್ಡದ ಒಂದು ಖಣ, ಹಸಿರು ಬಳೆ, ಎಡೆ. ಅದಾದ ಮೇಲೆ ಚರಗ. ಮುಂದೆ ಒಬ್ಬರು ಬುಟ್ಟಿಯಿಂದ ಹಿಡಿ ಹಿಡಿ ಊಟ ತೆಗೆದು ಬೆಳೆಯೊಳಗೆ ಚೆಲ್ಲುತ್ತ ‘ಹುಲ್ಲುಲ್ಲಿಗೋ’ ಅಂತ ಕೂಗುತ್ತಾರೆ, ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುವವರು ‘ಚಲಾಂಬರಿಗೋ’ ಅನ್ನುತ್ತಾರೆ. ಊರಿಂದ ಊರಿಗೆ ಈ ಕೂಗು ಬೇರೆ ಬೇರೆ, ನಮ್ಮ ಮನೆಯಲ್ಲಿ ನಡೆದು ಬಂದದ್ದು ಇದು. ನಾಲ್ಕೂ ದಿಕ್ಕಿಗೆ ಸುತ್ತಿ ಬರಬೇಕು. ಹಕ್ಕಿಗೆ, ಹುಳಕ್ಕೆ, ಮಣ್ಣಿಗೆ ಮೊದಲ ಪಾಲು ಹೋದ ಮೇಲೆ ನಾವು ಕೂರುವುದು. ಅಡುಗೆ ಮಾಡುವವರು ಉಪ್ಪು ನೋಡಲಿಕ್ಕೂ ಬಾಯಿಗೆ ಹಾಕಬಾರದು ಅನ್ನುವುದು ಅದಕ್ಕೇ. ದಿನಕ್ಕೆ ನೂರಾರು ಜನರಿಗೆ ಬೇಯಿಸುವ ಮನೆಯವರು ಅದನ್ನು ನೆನಪಿಟ್ಟು ಕೇಳಿದರಲ್ಲ, ಫೋನ್ ಹಿಡಿದುಕೊಂಡೇ ನನ್ನ ಕಣ್ಣು ಒದ್ದೆಯಾಯಿತು.

2024ರ ಡಿಸೆಂಬರಿನ ಅಮಾಸಿ ಸೋಮವಾರ ಬಂದಿತ್ತು. ಸೋಮವಾರ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ, ಬಸವಣ್ಣನ ದಿನ. ಕಾಕಾ ಆ ಮಾತು ಬಿಡಲಿಲ್ಲ, ಟ್ರ್ಯಾಕ್ಟರಿನಲ್ಲಿ ಹೋದೆವು. ಬೆಳಿಗ್ಗೆ ಆರಕ್ಕೆ ಓಣಿಗೆ ಹೋದಾಗ ಬುತ್ತಿ ಬಿದಿರಿನ ಎರಡು ದೊಡ್ಡ ಬುಟ್ಟಿಯಲ್ಲಿ ಕಟ್ಟಿಟ್ಟಿದ್ದರು, ತಳಕ್ಕೆ ಬಿಳಿ ಬಟ್ಟೆ. ಅದರ ಮೇಲೆ ಬೇರೆ ಒಂದು ಸಣ್ಣ ಬುಟ್ಟಿ, ಬಾಳೆಲೆ ಮುಚ್ಚಿ ನೂಲು ಸುತ್ತಿದ್ದು. ‘ಇದು ತಾಯಿದು. ಬಿಚ್ಚಬ್ಯಾಡ್ರಿ, ಹೊಲದಾಗ ಬಿಚ್ರಿ’ ಅಂದರು.

ಮನೆಗೆ ತಂದಾಗ ಅವ್ವ ದೊಡ್ಡ ಬುಟ್ಟಿಯಿಂದ ಒಂದು ಕಡುಬು ತೆಗೆಸಿದಳು. ಬೆರಳಿನಷ್ಟು ಉದ್ದ, ನಡುವೆ ಒತ್ತಿದ ಗುರುತು ಹಾಗೇ ಇತ್ತು, ಕರಿ ಎಳ್ಳು ಅಲ್ಲಲ್ಲಿ ಕಣ್ಣಿನ ಹಾಗೆ. ಎಡಗೈಯಿಂದ ಮುರಿದಳು. ಒಳಗೆ ಹಿಟ್ಟಿನ ಗಂಟು ಇಲ್ಲ, ಹಬೆಗೆ ಪೂರ್ತಿ ಬೆಂದು ನುಣ್ಣಗೆ, ಹಸಿರು ಮಿಶ್ರಿತ ಬೂದಿ ಬಣ್ಣ. ಮೂಗಿಗೆ ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು. ‘ಹೊಸಾ ಸಜ್ಜಿ’ ಅಂದಳು. ಆಮೇಲೆ ‘ಬೀಸಿ ಮೂರ ದಿನಾನೂ ಆಗಿಲ್ಲ’ ಅಂದಳು. ಅಕ್ಕಾರನ್ನು ಆಮೇಲೆ ಕೇಳಿದೆ. ಅಮಾಸಿಗೆ ಎರಡು ದಿನ ಮುಂಚೆ ಗಿರಣಿಗೆ ಹಾಕಿಸಿದ್ದರಂತೆ.

ಉಳಿದದ್ದರ ಬಗ್ಗೆ. ಎಳ್ಳು ಹೋಳಿಗೆ ಇವರ ಕೈಯ ಅತ್ಯುತ್ತಮ. ಎಳ್ಳನ್ನು ಹದವಾಗಿ ಹುರಿದಿರುತ್ತಾರೆ. ಒಂದು ಚೂರು ಹೆಚ್ಚಾದರೂ ಕಹಿ ಬರುತ್ತದೆ, ಕಡಿಮೆಯಾದರೆ ಹಸಿ ವಾಸನೆ. ಬೆಲ್ಲ ಅಚ್ಚುಕಟ್ಟು, ಕಚ್ಚಿದರೆ ಹೂರಣ ಪುಡಿಯಾಗಿ ಉದುರುವುದಿಲ್ಲ. ಎರಡನೇ ದಿನಕ್ಕೆ ಇನ್ನೂ ರುಚಿ. ಎಣ್ಣಿಗಾಯಿಗೆ ಸಣ್ಣ ಬದನೆಕಾಯಿಯನ್ನೇ ಆರಿಸಿರುತ್ತಾರೆ, ತೊಟ್ಟು ಬಿಟ್ಟು ನಾಲ್ಕು ಸೀಳಿ, ಶೇಂಗಾ ಗುರೆಳ್ಳಿನ ಮಸಾಲೆ ಒಳಗೆ ತುಂಬಿದ್ದು. ಹೊಲದಲ್ಲಿ ಮಧ್ಯಾಹ್ನ ಒಂದಕ್ಕೆ ಬಿಚ್ಚಿದಾಗಲೂ ಕಾಯಿ ಕರಗಿ ಮುದ್ದೆಯಾಗಿರಲಿಲ್ಲ. ರೊಟ್ಟಿಯ ಬಗ್ಗೆ ಹೇಳುವುದೇ ಬೇಡ, ಅದು ಅವರ ದಿನದ ಕೆಲಸ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ತಾನೇ ಹಿಡಿದುಕೊಳ್ಳುವ ಶಕ್ತಿ ಇಲ್ಲ. ಕುದಿಯುವ ಎಸರು ಹಾಕಿ ಜಿಗಿ ಬರಿಸಬೇಕು, ಕೈಯಿಂದಲೇ ಬಡಿದು ತಿರುಗಿಸಬೇಕು. ಇಲ್ಲಿ ಮಷೀನು ಇಲ್ಲ. ಅಂಚು ನೋಡಿದರೆ ತಿಳಿಯುತ್ತದೆ, ಒಂದರ ಹಾಗೆ ಒಂದಿಲ್ಲ, ಎಲ್ಲವೂ ತೆಳ್ಳಗೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಅಂದರೆ ಚಟ್ನಿಪುಡಿ, ಎರಡೂ ಚೆನ್ನಾಗಿವೆ. ಮಾದಲಿಗೆ ಏಲಕ್ಕಿ ಸ್ವಲ್ಪ ಧಾರಾಳ ಅನ್ನಿಸಿತು, ಮಕ್ಕಳಿಗೆ ಅದೇ ಇಷ್ಟವಾಯಿತು.

ಕೊರತೆಗಳೂ ಇವೆ, ಮುಚ್ಚಿಡುವುದಿಲ್ಲ. ಪುಂಡಿ ಪಲ್ಯ ಎರಡೂ ವರ್ಷ ನೀರಾಗಿತ್ತು. ಪುಂಡಿಯನ್ನು ಬೇಯಿಸಿ ಹಿಂಡಿ, ಜೋಳದ ನುಚ್ಚು ಹಾಕಿ ಗಟ್ಟಿ ಮಾಡಬೇಕು, ಅವಸರದಲ್ಲಿ ಆ ಹಿಂಡುವ ಕೆಲಸ ಕಡಿಮೆಯಾಗುತ್ತದೆ ಅಂತ ಕಾಣುತ್ತದೆ. ಬುಟ್ಟಿಯ ಬಟ್ಟೆಗೆ ಇಳಿದು ಕೆಳಗಿನ ನಾಲ್ಕು ರೊಟ್ಟಿ ಮೆತ್ತಗಾದವು. 2025ರಲ್ಲಿ ಶೇಂಗಾ ಹೋಳಿಗೆಯ ಹೊರಗಿನ ಕಣಕ ದಪ್ಪ ಇತ್ತು. ಮೊಸರು ತಗೊಳ್ಳಬೇಡಿ, ಮನೆಯದೇ ಒಯ್ಯಿರಿ. ಅವರು ಹಾಲು ಹೆಪ್ಪು ಹಾಕುವುದು ಒಲೆಯ ಪಕ್ಕ, ಮಧ್ಯಾಹ್ನಕ್ಕೆ ಹುಳಿಯಾಗಿರುತ್ತದೆ. 2025ರಲ್ಲಿ ಆರಕ್ಕೆ ಅಂದವರು ಕೈಗೆ ಕೊಟ್ಟಾಗ ಏಳೂಕಾಲು. ಅಂದು ಶುಕ್ರವಾರ, ನನ್ನ ಹೆಂಡತಿ ಒಂದು ಪಾಳಿ ಬದಲಿಸಿಕೊಂಡು ಬಂದಿದ್ದಳು, ಆ ಒಂದೂಕಾಲು ತಾಸು ನಮಗೆ ಭಾರವಾಯಿತು. ಅದನ್ನು ಅವರಿಗೆ ನೇರವಾಗಿ ಹೇಳಿದೆ. ‘ತಪ್ಪಾತ್ರಿ ಅಣ್ಣಾರ, ಗಿರಣಿ ಕರೆಂಟ ಹೋಗಿತ್ತು, ಹಳೇ ಹಿಟ್ಟು ಇತ್ತು, ಹಾಕ್ಲಿಲ್ಲ’ ಅಂದರು. ಅಷ್ಟು ಕೇಳಿದ ಮೇಲೆ ನನ್ನ ಹತ್ತಿರ ಮಾತು ಉಳಿಯಲಿಲ್ಲ. ತಡವಾದರೂ ಆಗಲಿ, ಆ ಹಿಟ್ಟು ಬೇಡ ಅಂದವರು ಅವರು.

ದರದ ವಿಷಯ. 2025ರಲ್ಲಿ ಒಬ್ಬರಿಗೆ 170 ರೂಪಾಯಿ ಹಿಡಿದರು, ಇಪ್ಪತ್ನಾಲ್ಕು ಮಂದಿಗೆ 4,080 ಆಯಿತು. ತಾಯಿಯ ಸಣ್ಣ ಬುಟ್ಟಿಗೆ ಲೆಕ್ಕ ಹಾಕುವುದಿಲ್ಲ. ನಾನು ಎರಡು ಸಲ ಕೇಳಿದೆ, ಎರಡು ಸಲವೂ ತಗೊಳ್ಳಲಿಲ್ಲ. ಅರ್ಧ ರೊಕ್ಕ ಮುಂಗಡ ಕೊಡಬೇಕು, ಫೋನ್‌ನಲ್ಲೇ ಹಾಕಬಹುದು. ಮನೆಗೆ ತಂದು ಕೊಡುವ ವ್ಯವಸ್ಥೆ ಇಲ್ಲ. ಬುಟ್ಟಿ, ಬಟ್ಟೆ, ಸ್ಟೀಲಿನ ಡಬ್ಬಿ ಮರುದಿನ ತಿರುಗಿ ಮುಟ್ಟಿಸಬೇಕು. ಎಂಟು ದಿನ ಮುಂಚೆ ಹೇಳದಿದ್ದರೆ ಸಿಗುವುದಿಲ್ಲ, ಅರವತ್ತು ಮನೆಗಿಂತ ಹೆಚ್ಚು ಹಿಡಿಯುವುದಿಲ್ಲವಂತೆ.

ದಿನಾಂಕದ ಬಗ್ಗೆ ಎಚ್ಚರ ಇರಲಿ. ಸಂಕ್ರಮಣ ಸೂರ್ಯನ ಲೆಕ್ಕ, ಜನವರಿ 14 ಅಥವಾ 15 ಬಿಟ್ಟು ಕದಲುವುದಿಲ್ಲ. ಎಳ್ಳ ಅಮಾಸಿ ಚಂದ್ರನ ಲೆಕ್ಕ, ಮಾರ್ಗಶಿರದ ಅಮಾಸಿ. ವರ್ಷಕ್ಕೆ ಹನ್ನೊಂದು ಹನ್ನೆರಡು ದಿನ ಹಿಂದೆ ಸರಿಯುತ್ತ ಹೋಗಿ, ಅಧಿಕ ಮಾಸ ಬಂದಾಗ ಮತ್ತೆ ಮುಂದೆ ಜಿಗಿಯುತ್ತದೆ. ಜನವರಿ 11, ಡಿಸೆಂಬರ್ 30, ಡಿಸೆಂಬರ್ 19 ಹೀಗೆ ಇಳಿದು ಬಂದದ್ದು, 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಮುಂದಿನದು 2027ರ ಜನವರಿಗೆ ಹೋಗುತ್ತದೆ. ಅಂದರೆ 2026ರ ಕ್ಯಾಲೆಂಡರಿನಲ್ಲಿ ಎಳ್ಳ ಅಮಾಸಿ ಹುಡುಕಿದರೆ ಸಿಗುವುದಿಲ್ಲ. ಆರ್ಡರ್ ಹೇಳುವವರು ಡಿಸೆಂಬರ್ ಕೊನೆಗೆ ಹೇಳಿ. ಆ ಸಲ ಅಮಾಸಿ, ಭೋಗಿ, ಸಂಕ್ರಮಣ, ಸಿದ್ಧೇಶ್ವರನ ಜಾತ್ರೆ ಎಲ್ಲ ಒಂದರ ಬೆನ್ನಿಗೆ ಒಂದು ಬರುತ್ತವೆ. ಊರಿಗೆ ಊರೇ ನಂದಿಕೋಲಿನ ಹಿಂದೆ ಇರುವ ಆ ವಾರ ಇವರ ಒಲೆಗೆ ಬಿಡುವು ಇರುವುದಿಲ್ಲ.

ಹಬ್ಬ ಹೀಗೆ ಸರಿದಾಡುವುದರಿಂದ ಹೊಲದಲ್ಲಿ ನೋಡುವುದೂ ಬದಲಾಗುತ್ತದೆ. 2024ರ ಡಿಸೆಂಬರಿನಲ್ಲಿ ತೆನೆಯಲ್ಲಿ ಹಾಲು ತುಂಬಿತ್ತು. ಬುಟ್ಟಿ ತಿರುಗಿ ಕೊಡುವಾಗ ಖಾಲಿ ಕೊಡಬಾರದು ಅಂತ ಅವ್ವ ಐದು ತೆನೆ, ಒಂದು ಹೊರೆ ಕಡಲೆ ಗಿಡ ಇಡಿಸಿದ್ದಳು. ಅಕ್ಕಾರು ರೊಟ್ಟಿ ಬಡಿಯುವುದು ಬಿಟ್ಟು ಎದ್ದು ಬಂದು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಒಂದು ತೆನೆ ತೆಗೆದು ಉಗುರಿನಿಂದ ಕಾಳು ಒತ್ತಿ ನೋಡಿದರು. ಬಿಳಿ ಹಾಲು ಉಗುರಿನ ಮೇಲೆ ನಿಂತಿತು. ‘ಡೋಣಿ ದಂಡಿದೇನ್ರಿ?’ ಅಂತ ಕೇಳಿದರು. ಅವರ ತವರಿನ ಹೊಲವೂ ಆ ಕಡೆಯೇ ಇತ್ತಂತೆ, ಈಗ ಇಲ್ಲ. ಆ ತೆನೆಗಳನ್ನು ಒಲೆಯ ಮೇಲಿನ ಗೂಟಕ್ಕೆ ಕಟ್ಟಿದರು.

2025ರಲ್ಲಿ ಮಳೆ ಹೆಚ್ಚಾಗಿ ನಾವು ಬಿತ್ತಿದ್ದೇ ತಡ, ಅಮಾಸಿ ಬಂದದ್ದು ಬೇಗ. ತೆನೆ ಇನ್ನೂ ಹೂವಿನಲ್ಲಿತ್ತು, ಮುರಿಯಲು ಅವ್ವ ಬಿಡಲಿಲ್ಲ. ಬರೀ ಹಸಿ ಕಡಲೆಯ ಸುಲಗಾಯಿ ಇಟ್ಟು ಬುಟ್ಟಿ ಕೊಟ್ಟೆ. ಅಕ್ಕಾರು ಬಗ್ಗಿ ನೋಡಿದರು. ‘ತೆನಿ ಇಲ್ಲೇನ್ರಿ?’

ಇನ್ನೂ ಹೂ ಇದೆ ಅಂದೆ.

‘ಇರ್ಲಿ ಬಿಡ್ರಿ. ಮುಂದಿನ ಸಲಾ ಜನವರಿದಾಗ ಬರ್ತೈತೆಲ್ಲ, ಆವಾಗ ಸೀತನಿಗೆ ಬಂದಿರ್ತಾವು’ ಅಂದರು. ಗೋಡೆಗೆ ಹಚ್ಚಿದ ಹಳೆಯ ವಹಿ ತೆಗೆದು, ನಮ್ಮ ಇಪ್ಪತ್ನಾಲ್ಕು ಮಂದಿಯ ಲೆಕ್ಕವನ್ನು ಆಗಲೇ ಬರೆದುಕೊಂಡರು. ಅದರ ಕೆಳಗೆ, ಸುಡಲಿಕ್ಕೆ ಹತ್ತು ತೆನೆ ಅಂತ ನಮ್ಮ ಹೆಸರಿಗೆ ಬರೆದರು.